ತಿದಿಗೆ ಹಚ್ಚಿದ ಹೊಂಗೆ ಎಣ್ಣೆ

ಚಿತ್ರದುರ್ಗ, ೧೨ ಜೂನ್ ೧೯೭೬

ಅಪ್ಪ,

ನೀನು ತೀರಿಕೊಂಡು ತಿಂಗಳಾಯಿತು. ಸತ್ತವರನ್ನು ಬೈಯಬಾರದಂತೆ. ಆದರೂ ಬೈಯುತ್ತೇನೆ. ಯಾಕೆ ಬೇಕಿತ್ತು ನಿನಗೆ ಆ ಕೆಲಸ?

ಇವತ್ತು ಆಸ್ಪತ್ರೆಯ ಉಸಿರಾಟದ ಮಿಷನ್ನು ಕೈಕೊಟ್ಟಿತು. ಬಾಣಂತಿಯೊಬ್ಬಳಿಗೆ ನರ್ಸುಗಳು ಸರದಿಯ ಮೇಲೆ ಕೈಯಲ್ಲೇ ಗಾಳಿ ಒತ್ತಿ ಜೀವ ಉಳಿಸಿದರು. ರಿಪೇರಿಗೆಂದು ನಾನು ಬಿಚ್ಚಿ ನೋಡಿದರೆ, ಒಳಗಿನ ರಬ್ಬರ್ ತಿದಿ ಮೆತ್ತಗಾಗಿ ಮಡಿಕೆಗಳೆಲ್ಲ ಅಂಟಿಕೊಂಡಿವೆ. ಮೂಗಿಗೆ ಬಡಿದದ್ದು ಹೊಂಗೆ ಎಣ್ಣೆಯ ವಾಸನೆ!

ನೀನು ಮಂಡಿನೋವು ತೋರಿಸಲು ಬಂದ ದಿನ ನಾನು ಇದನ್ನೇ ಬಿಚ್ಚಿಟ್ಟಿದ್ದೆ. "ತಿದಿ ಒಣಗೈತೆ ಕಣಲೇ, ಒಂಚೂರು ಎಣ್ಣೆ ಹಚ್ಚು" ಅಂದೆ ನೀನು. "ಇದು ನಿನ್ನ ಕುಲುಮೆ ಅಲ್ಲ, ಸುಮ್ನೆ ಕುಂತ್ಕ" ಎಂದು ರೇಗಿ ನಾನು ಚಹಾ ತರಲು ಹೋದೆ. ಅಷ್ಟರಲ್ಲೇ ಮಂಡಿಗೆ ತಂದಿದ್ದ ಎಣ್ಣೆಯನ್ನು ಸವರಿಬಿಟ್ಟಿದ್ದೀಯ! ನಿನ್ನ ಕುಲುಮೆಯ ಚರ್ಮದ ತಿದಿಯನ್ನು ಕಾಯುವ ಎಣ್ಣೆ ರಬ್ಬರನ್ನು ತಿನ್ನುತ್ತದೆ. ಕೇಳಿದ್ದರೆ ನಾನು ಹೇಳುತ್ತಿರಲಿಲ್ಲವೇ?

ಅವತ್ತು ಡಾಕ್ಟರು ನೀನು ಯಾರೆಂದು ವಿಚಾರಿಸಿದಾಗ, "ನಮ್ಮೂರಿನವ್ರು ಸಾರ್" ಎಂದಿದ್ದೆ ನಾನು. ನೀನು ಕೇಳಿಸಿಕೊಂಡೇ ಚಹಾ ಕುಡಿದು ಮುಗಿಸಿದೆ.

ಇವತ್ತು ಅದೇ ಡಾಕ್ಟರು ಎಲ್ಲರೆದುರು ನನ್ನ ಮೇಲೆ ಕೂಗಾಡಿದರು: "ಇದಕ್ಕೆ ಎಣ್ಣೆ ಬಳಿಯೋಕೆ ನೀನೇನು ಕಮ್ಮಾರನೇನಯ್ಯ?"

"ಹೌದು ಸಾರ್," ಎಂದೆ. "ತಾಳ್ಯದ ಕಾಳಾಚಾರಿ ಮಗ."