ನನ್ನ ಮಗಳನ್ನು ಗಂಡೆಂದು ಬರೆದಿಟ್ಟ ಕಚೇರಿಗೆ

ಜನನ ನೋಂದಣಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರುಮಾಡು ಎಂದರು ನನ್ನ ಗಂಡ. ಹಾಗೇ ಆಗಲಿ, ಮಾನ್ಯರೇ. ನಿಮ್ಮ ಕಡತದ ಪ್ರಕಾರ ನನಗೆ ಹನ್ನೊಂದು ವರ್ಷದ ಮಗನಿದ್ದಾನೆ. ನನ್ನ ಮನೆಯಲ್ಲಿರುವುದು ಮಗಳು. ಕಳೆದ ತಿಂಗಳು ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ, ಅವಳ ಬೆಳವಣಿಗೆಗೆ ಬೇಕಾದ ಹಾರ್ಮೋನ್ ಮಾತ್ರೆಯನ್ನು “ಇದು ಹೆಣ್ಮಕ್ಕಳಿಗೆ ಕೊಡೋದು, ಜನನ ಪತ್ರದಲ್ಲಿ ಗಂಡು ಅಂತಿದೆ” ಎಂದು ಕೊಡಲು ನಿರಾಕರಿಸಿದರು. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟು ಬರಬೇಕಾದ ಜಾಗ ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ಒಸಡಿನಂತೆ ಮರಗಟ್ಟಿದೆ.

ಅವಳು ಹೊಟ್ಟೆಯಲ್ಲಿದ್ದಾಗ ನಾನು ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳು ಹೊರಡುವ ಹೊತ್ತನ್ನು ಹೇಳುವ ಕೆಲಸದಲ್ಲಿದ್ದೆ. ಬಸಿರಿನ ಐದನೇ ತಿಂಗಳಲ್ಲಿ ನನ್ನ ದನಿ ಒಡೆಯಿತು. ಆರನೇ ತಿಂಗಳಲ್ಲಿ ಗದ್ದದ ಮೇಲೆ ಕೂದಲು ಬಂತು. ದಿನಾ ಬೆಳಿಗ್ಗೆ ಗಂಡನ ರೇಜರ್ ಹಿಡಿದು ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಹೊರಗಿನಿಂದ ಅತ್ತೆ, “ನಂಗೊತ್ತು ಕಣೇ, ಬಾಗ್ಲು ತೆಗಿ. ಕತ್ಲಲ್ಲಿ ಕುಯ್ಕೊಂಡೀಯ, ಕನ್ನಡಿ ನಾನು ಹಿಡ್ಕೋತೀನಿ” ಎಂದರು. ಹೆರಿಗೆಯವರೆಗೂ ಹಿಡಿದರು, ಯಾರಿಗೂ ಹೇಳಲಿಲ್ಲ.

ಹೆರಿಗೆಯಾದಾಗ ದಾದಿ ಮಗುವನ್ನು ಎತ್ತಿ, ಕಾಲಸಂದಿಯನ್ನು ಒಮ್ಮೆ ನೋಡಿ “ಗಂಡು” ಎಂದಳು, ಬರೆದಳು. ಮಗುವಿನ ಹಿಂದೆಯೇ ಬಂದ ಮಾಸನ್ನು ಬಕೆಟ್ಟಿಗೆ ಹಾಕಿದಳು. ನಮ್ಮ ಆಡುಮಾತಿನಲ್ಲಿ ಅದಕ್ಕೆ ಕಸ ಎಂದೇ ಹೆಸರು. ಮೂರನೇ ದಿನ ಮಕ್ಕಳ ಡಾಕ್ಟರಮ್ಮನಿಗೆ ಅನುಮಾನ ಬಂದು ಸ್ಕ್ಯಾನ್, ರಕ್ತಪರೀಕ್ಷೆ ಮಾಡಿಸಿದರು. ಗರ್ಭಕೋಶ ಇತ್ತು, ಅಂಡಾಶಯಗಳಿದ್ದವು, ವರ್ಣತಂತುಗಳೂ ಹೆಣ್ಣಿನವೇ. ಅಷ್ಟರಲ್ಲಿ ದಾದಿಯ ಚೀಟಿ ನಿಮ್ಮ ಕಚೇರಿ ಸೇರಿ ಸತ್ಯವಾಗಿಬಿಟ್ಟಿತ್ತು.

ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. “ಹೊಟ್ಟೇಲಿರೋ ಎಲ್ಲ ಮಕ್ಕಳೂ ಗಂಡು ಹಾರ್ಮೋನಿನ ಕಚ್ಚಾ ಸಾಮಗ್ರಿಯನ್ನ ಮಾಸಿಗೆ ಕಳಿಸ್ತವೆ. ಅಲ್ಲಿ ಅರೋಮಟೇಸ್ ಅಂತ ಒಂದು ಕಿಣ್ವ ಕೂತಿರುತ್ತೆ. ಬಂದದ್ದನ್ನ ಹೆಣ್ಣು ಹಾರ್ಮೋನ್ ಮಾಡಿ ಕಳಿಸೋದು ಅದರ ಕೆಲಸ. ಮಾಸೂ ಮಗುವಿನದೇ ಭಾಗ, ನಿಮ್ಮ ಮಗೂಗೆ ಆ ಕಿಣ್ವ ಇಲ್ಲ. ಹಾಗಾಗಿ ಗಂಡು ಹಾರ್ಮೋನ್ ಹಾಗೇ ಉಳೀತು. ಮಗುವಿನ ಮೈಗೂ ಹೋಗಿ ಹೊರಗಿಂದ ಗಂಡಿನ ಹಾಗೆ ಕಾಣಿಸ್ತು, ನಿಮ್ಮ ಗಂಟಲಿಗೂ ಬಂತು.”

“ನಾನೇನು ತಪ್ಪು ಮಾಡ್ದೆ ಡಾಕ್ಟ್ರೇ?”

“ಏನೂ ಇಲ್ಲಮ್ಮ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಜೀನ್ ಬಂದು ಸೇರಿವೆ, ಅಷ್ಟೇ. ದೊಡ್ಡವಳಾಗೋ ವಯಸ್ಸಿಗೆ ಇವಳಿಗೆ ಮಾತ್ರೆ ಬೇಕಾಗುತ್ತೆ. ಅದೊಂದು ಮರೀಬೇಡಿ.”

ನಾನು ಮರೆಯಲಿಲ್ಲ. ಗದ್ದದ ಕೂದಲು ಕ್ರಮೇಣ ಹೋಯಿತು. ದನಿ ಹಿಂದಿನಂತಾಗಲಿಲ್ಲ. ನನ್ನನ್ನು ಮೈಕಿನಿಂದ ಎಬ್ಬಿಸಿ ಪಾಸ್ ವಿಭಾಗದಲ್ಲಿ ಕೂರಿಸಿದರು.

ನಿಮ್ಮ ಕಚೇರಿಗೆ ಹದಿನಾಲ್ಕು ಸಲ ಬಂದಿದ್ದೇನೆ. ಪ್ರತಿ ಸಲವೂ ಗುಮಾಸ್ತರು, “ಲಿಂಗ ಬದಲಾವಣೆ ಆಪರೇಷನ್ ಆಗಿದ್ರೆ ಅದರ ಸರ್ಟಿಫಿಕೇಟ್ ತನ್ನಿ” ಎನ್ನುತ್ತಾರೆ. ಬದಲಾಗದೇ ಇರುವುದಕ್ಕೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ, ಸ್ವಾಮಿ? ನೀವೂ ಒಮ್ಮೆ ನನ್ನನ್ನು ಒಳಗೆ ಕರೆಸಿ, ವರದಿಗಳ ಕಟ್ಟನ್ನು ಬಿಚ್ಚದೆಯೇ ಪಕ್ಕಕ್ಕೆ ಸರಿಸಿದಿರಿ.

“ಪ್ರಕೃತಿ ಮಾಡಿದ್ದನ್ನ ನಾನು ತಿದ್ದೋಕಾಗುತ್ತೇನಮ್ಮ?”

“ಪ್ರಕೃತಿ ಹೆಣ್ಣು ಅಂದಿದೆ ಸಾರ್. ಗಂಡು ಅಂದಿದ್ದು ದಾದಿ.”

ನೀವು ನಕ್ಕಿರಿ. ನಾನೂ ನಕ್ಕೆ ಎಂದು ನೆನಪು.

ಹೋದ ವಾರ ಮಗಳನ್ನೂ ಕರೆತಂದಿದ್ದೆ. ಎರಡು ಜಡೆ, ಶಾಲೆಯ ಲಂಗ. ಗುಮಾಸ್ತರು ಕಡತದಿಂದ ತಲೆಯೆತ್ತದೆ “ಹುಡುಗ ಎಲ್ಲಿ?” ಎಂದರು. ಬೆಂಚಿನ ಮೇಲಿದ್ದವಳು ಎದ್ದು ನಿಂತು “ನಾನೇ ಸಾರ್” ಎಂದಳು. ಅಳಲಿಲ್ಲ, ಮುಖ ಕೆಂಪಗಾಗಲಿಲ್ಲ. ಹಾಜರಿ ಕೂಗಿದಾಗ ಹೇಳುವಂತೆ ಹೇಳಿ ಕೂತಳು. ಅಷ್ಟು ಚಿಕ್ಕ ವಯಸ್ಸಿಗೇ ಅದನ್ನು ಎಲ್ಲಿ ಕಲಿತಳು? ನನ್ನಿಂದಲೇ ಇರಬೇಕು. ನನಗೂ ಆಗ ಏನೂ ಅನ್ನಿಸಲಿಲ್ಲ. ಕೆಳಗಿಳಿದು ಬಂದಮೇಲೆ ಮೆಟ್ಟಿಲ ಮೇಲೆ ಕೂತೆ, ಅಷ್ಟೇ. “ಏಳಮ್ಮ, ಜನ ಓಡಾಡ್ತಾರೆ” ಎಂದು ಅವಳೇ ಕೈಹಿಡಿದು ಎಬ್ಬಿಸಿದಳು.

ಕಣ್ಣಿಗೆ ಕಾಣದ ಒಂದು ಕಿಣ್ವ ಕೆಲಸ ಮಾಡದಿದ್ದುದನ್ನು ನಾನು ಕ್ಷಮಿಸಿದ್ದೇನೆ. ಅದಕ್ಕೆ ಕುರ್ಚಿಯಿರಲಿಲ್ಲ, ಮೊಹರಿರಲಿಲ್ಲ, ಎದುರಿಗೆ ನಿಂತವರು ಕಾಣುತ್ತಿರಲಿಲ್ಲ. ನಿಮಗೆ ಇವೆಲ್ಲ ಇವೆಯಲ್ಲ?

ಡಾಕ್ಟರಮ್ಮ ತಮ್ಮ ಕೈಯಿಂದ ಎರಡು ತಿಂಗಳ ಮಾತ್ರೆ ಕೊಟ್ಟಿದ್ದಾರೆ. ಅದು ತೀರುವುದರೊಳಗೆ ಒಂದು ಪದ ಹೊಡೆದುಹಾಕಿ ಇನ್ನೊಂದು ಪದ ಬರೆಯಿರಿ. ಆಗುವುದಿಲ್ಲವಾದರೆ ಆಗುವುದಿಲ್ಲ ಎಂದಾದರೂ ಕಾಗದದ ಮೇಲೆ ಬರೆದು, ಕಾರಣ ನಮೂದಿಸಿ, ಸಹಿ ಹಾಕಿ ಕೊಡಿ. ನ್ಯಾಯಾಲಯ ಬಾಯಿಮಾತನ್ನು ಒಪ್ಪುವುದಿಲ್ಲವಂತೆ. ಬರುವ ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಬರುತ್ತೇನೆ. ಈ ಸಲ ಮಗಳನ್ನು ಕರೆತರುವುದಿಲ್ಲ. ಅವಳಿಗೆ ಅಂದು ಗಣಿತ ಪರೀಕ್ಷೆ ಇದೆ.

ಇಂತಿ,
ತಮ್ಮ ಕಡತದಲ್ಲಿ ಮಗಳಿಲ್ಲದ,
ಒಬ್ಬ ಹುಡುಗಿಯ ತಾಯಿ