ಮಕ್ಕಳ ವಾರ್ಡಿನಿಂದ ಬಂದ ಪ್ರಶ್ನೆ

ಜೂನ್ ೧೪, ಶನಿವಾರ

ಪ್ರೀತಿಯ ನಮ್ಮ ಮನೆಯವರಿಗೆ,

ನಾನೂ ಅತ್ತೆಯವರೂ ಚೆನ್ನಾಗಿದ್ದೇವೆ. ಪತ್ರ ತಡವಾಯಿತು, ಬೈಯಬೇಡಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಎರಡು ಸಲ "ಹೂಂ, ಹೂಂ" ಅಂದರೆ ನನ್ನ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಸೇತುವೆ ಕೆಲಸದ ಗದ್ದಲದಿಂದ ಸ್ವಲ್ಪ ದೂರ ಕೂತು ನಿಧಾನವಾಗಿ ಓದಿ. ಕೊನೆಯ ಪುಟ ಮೊದಲು ನೋಡಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು!

ಗುರುವಾರ ನನ್ನ ಪರೀಕ್ಷೆ ಇತ್ತಲ್ಲ. ಸೂಪರಿಂಟೆಂಡೆಂಟರು ಮುಂಚೆಯೇ ಹೇಳಿಬಿಟ್ಟಿದ್ದರು: "ಎಲ್ಲಾ ಫೋನಲ್ಲೇ ಸಿಗುತ್ತೆ, ಆಸ್ಪತ್ರೆಗೆ ಲೈಬ್ರರಿ ಯಾಕಮ್ಮಾ? ಕಂಪ್ಯೂಟರಲ್ಲಿ ವೈದ್ಯಕೀಯ ಲೇಖನ ಹುಡುಕೋದು ಹೇಗೆ ಅಂತ ಡಾಕ್ಟರು, ನರ್ಸುಗಳಿಗೆ ಒಂದು ಪಾಠ ಮಾಡಿ ತೋರಿಸಿ. ಉಪಯೋಗ ಅನ್ನಿಸಿದ್ರೆ ಇರಲಿ, ಇಲ್ದಿದ್ರೆ ಮುಚ್ಚೋಣ." ಮುಚ್ಚಿದರೆ ಪುಸ್ತಕಗಳು ಉಗ್ರಾಣಕ್ಕೆ, ನಾನು ಮನೆಗೆ.

ಹಿಂದಿನ ದಿನ ಅತ್ತೆಯವರನ್ನು ಕೂರಿಸಿಕೊಂಡು ಪಾಠ ಒಪ್ಪಿಸಿದೆ. "ಮಂಡಿನೋವು ಅಂತ ಹಾಕು" ಅಂದರು. ಹಾಕಿದೆ. ಬಂದ ಲೇಖನಗಳ ರಾಶಿ ನೋಡಿ, "ಅಯ್ಯೋ, ಇಷ್ಟು ಜನ ಬರೆದಿದ್ದಾರೆ! ಒಬ್ಬರಾದ್ರೂ ವಾಸಿ ಮಾಡಿದ್ದಾರಾ ಅದನ್ನ ಕೇಳು" ಅಂದರು. ಮರುದಿನ ತರಗತಿಯಲ್ಲಿ ಆ ಮಾತನ್ನು ನನ್ನದೇ ಎನ್ನುವ ಹಾಗೆ ಬಿಟ್ಟೆ. ಎಲ್ಲರೂ ನಕ್ಕರು, ನನಗೂ ಧೈರ್ಯ ಬಂತು.

ನಮ್ಮ ದೊಡ್ಡ ಸರ್ಜನ್ ಮೌಸ್ ಹಿಡಿದ ಚೆಂದ ನೀವು ನೋಡಬೇಕಿತ್ತು. "ಹೊಟ್ಟೆ ಕೊಯ್ಯೋದು ಸುಲಭ ಕಣಮ್ಮಾ, ಇದು ಓಡಿಹೋಗ್ತಿದೆ" ಎಂದು ಗೊಣಗಿದರು. ಬೇಕಾದ ಲೇಖನ ಕಂಡದ್ದೇ ತಡ, "ಸಿಕ್ತು!" ಎಂದು ಕೂಗಿಬಿಟ್ಟರು. ಹಿಂದಿನಿಂದ ಹೆಡ್ ನರ್ಸ್, "ಮೆಲ್ಲಗೆ ಸರ್, ಇದು ಲೈಬ್ರರಿ" ಅಂದರು.

ನನ್ನ ಪಾಠದ ರೀತಿ ನಿಮಗೆ ಗೊತ್ತು. ಮೊದಲೇ ಮಾಡಿಟ್ಟುಕೊಂಡ ಉದಾಹರಣೆ ತೋರಿಸುವುದಿಲ್ಲ, ಇವತ್ತು ವಾರ್ಡಿನಲ್ಲಿ ಮಲಗಿರುವ ರೋಗಿಯ ಪ್ರಶ್ನೆಯನ್ನೇ ಕೊಡಿ ಎನ್ನುತ್ತೇನೆ. ಮಕ್ಕಳ ವಾರ್ಡಿನ ನರ್ಸ್ ಎದ್ದು ನಿಂತು ಒಂದು ಕಾಯಿಲೆಯ ಹೆಸರು ಹೇಳಿದಳು. ಸ್ನಾಯುಗಳೆಲ್ಲ ಶಕ್ತಿ ಕಳೆದುಕೊಳ್ಳುವ ಕಾಯಿಲೆ. "ನಮ್ಮಲ್ಲಿ ಒಂದು ಮಗು ಇದೆ ಮೇಡಂ. ಏನಾದ್ರೂ ದಾರಿ ಇದೆಯಾ ನೋಡ್ತೀರಾ?" ಅಂದಳು.

ನನ್ನ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಬೇರೆ ಪ್ರಶ್ನೆ ಕೊಡಿ ಎಂದು ಜಾರಿಕೊಳ್ಳಬಹುದಿತ್ತು. ಸೂಪರಿಂಟೆಂಡೆಂಟರು ಗಡಿಯಾರ ನೋಡಿದರು. ಹಾಳಾಗಿ ಹೋಗಲಿ ಎಂದು ಟೈಪ್ ಮಾಡಿದೆ. ಸಾವಿರಾರು ಬಂದವು. ವಯಸ್ಸು ಸೇರಿಸಿದೆ, ಚಿಕಿತ್ಸೆ ಎಂದು ಸೇರಿಸಿದೆ, ರಾಶಿ ಕರಗುತ್ತಾ ಬಂತು. ಉಳಿದ ನಾಲ್ಕಾರು ಲೇಖನಗಳಲ್ಲಿ ಒಂದು ಹೊಸ ಔಷಧದ ವಿಷಯವಿತ್ತು. ಬೇಗ ಕೊಟ್ಟರೆ ಮಕ್ಕಳು ಎದ್ದು ಕೂರುತ್ತವೆಯಂತೆ, ಕೆಲವು ನಡೆದೂ ಇವೆಯಂತೆ. ಮಕ್ಕಳ ಡಾಕ್ಟರು ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದರು. "ಔಷಧ ಬಂದಿದೆ ಅಂತ ಕೇಳಿದ್ದೆ. ಇಷ್ಟು ಚಿಕ್ಕ ಮಗೂಗೆ ಕೊಡಬಹುದಾ ಅನ್ನೋದು ಗೊತ್ತಿರಲಿಲ್ಲ" ಎಂದರು. ಇಬ್ಬರೂ ಸಾಲುಸಾಲಾಗಿ ಓದಿದೆವು. ಕೊಡಬಹುದು! ಅವರು ಅಲ್ಲಿಂದಲೇ ಫೋನ್ ಮಾಡಿದರು. ಸೋಮವಾರ ಆ ಮಗುವನ್ನು ಔಷಧ ಇರುವ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದಾರೆ.

ಸೂಪರಿಂಟೆಂಡೆಂಟರು ಎದ್ದು ಬಂದು, "ಮುಚ್ಚೋ ಮಾತು ಬಿಡಿ. ನಿಮ್ಮ ಕೆಲಸ ಕಾಯಂ. ಮುಂದಿನ ವಾರದಿಂದ ಎಲ್ಲಾ ವಾರ್ಡಿಗೂ ಪಾಠ ಮಾಡಿ" ಅಂದರು. ಆಮೇಲೆ ದನಿ ತಗ್ಗಿಸಿ, "ನನಗೆ ಮೊದಲು, ಬೇರೆಯಾಗಿ" ಅಂದರು. ರೀ, ನಾನೀಗ ಲೈಬ್ರೇರಿಯನ್ನೂ ಹೌದು, ಟ್ರೇನರೂ ಹೌದು! ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದ ಹೆಂಗಸು ಸೀಟು ಬದಲಾಯಿಸಿದಳು.

ಅತ್ತೆಯವರು ತಮ್ಮ ಮಂಡಿಯಿಂದಲೇ ಸೊಸೆಗೆ ಕೆಲಸ ಉಳಿಯಿತು ಎಂದು ಬೀದಿಗೆಲ್ಲ ಸಾರಿದ್ದಾರೆ. ನಿಮಗೆ ಅವರ ತುಂಬು ಆಶೀರ್ವಾದ. ಬಿಸಿಲಲ್ಲಿ ಟೋಪಿ ಹಾಕಿಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿಮ್ಮ ಲೈಬ್ರರಿ ಮೇಡಂ

ತಾ.ಕ.: ಆ ನರ್ಸ್ ಹೇಳಿದ್ದು ನಮ್ಮ ಪುಟ್ಟಿಯ ಕಾಯಿಲೆ. ಪುಟ್ಟಿ ನಮ್ಮನ್ನು ಬಿಟ್ಟು ಹೋದ ಮೇಲೆ ಆ ಹೆಸರನ್ನು ನಾನು ಒಮ್ಮೆಯೂ ಹುಡುಕಿರಲಿಲ್ಲ. ಅವತ್ತು ಆಸ್ಪತ್ರೆಯ ಮೆಟ್ಟಿಲ ಹತ್ತಿರ ನೀವು, "ಊರಿಗೆಲ್ಲಾ ಹುಡುಕಿ ಕೊಡ್ತೀಯ, ನಮ್ಮ ಮಗೂಗೆ ಏನೂ ಸಿಗ್ಲಿಲ್ವಾ?" ಅಂದಿದ್ದಿರಿ. ಸಂಕಟಕ್ಕೆ ಅಂದದ್ದು, ನನಗೆ ಗೊತ್ತು. ಆದರೂ ಎಲ್ಲೋ ಒಂದು ಔಷಧ ಇತ್ತೇನೋ, ನನ್ನ ಕಣ್ಣಿಗೇ ಬೀಳಲಿಲ್ಲವೇನೋ ಎಂದು ಇಷ್ಟು ವರ್ಷ ಒಳಗೊಳಗೇ ಬೆಂದಿದ್ದೇನೆ. ಆ ಹೆದರಿಕೆಗೇ ಮತ್ತೆ ನೋಡಲಿಲ್ಲ. ಗುರುವಾರ ಎಲ್ಲರೂ ಔಷಧದ ಹೆಸರು ಓದುತ್ತಿದ್ದಾಗ ನಾನು ನೋಡಿದ್ದು ತಾರೀಖು. ಎಲ್ಲರೂ ಹೋದ ಮೇಲೆ ಹಿಂದೆ ಹಿಂದೆ ಹೋಗಿ ಆ ಔಷಧದ ಬಗ್ಗೆ ಬಂದ ಮೊಟ್ಟಮೊದಲ ಲೇಖನವನ್ನೂ ತೆಗೆದೆ. ಪುಟ್ಟಿ ಹೋದ ಮರುವರ್ಷ ಅಚ್ಚಾದದ್ದು. ಆಗ ಅದು ಇರಲೇ ಇಲ್ಲ ಕಣ್ರೀ. ನಾನು ಸರಿಯಾಗಿಯೇ ಹುಡುಕಿದ್ದೆ.