ಚಿಲಕ ಕಿತ್ತ ಬಾಗಿಲು

ತಂಗೀ ಗೌರಮ್ಮ,

ಕ್ಷೇಮ ಕೇಳಿ ಶುರು ಮಾಡಬೇಕಂತ. ಸತ್ತವಳಿಗೆ ಏನಂತ ಕೇಳಲಿ? ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನು ನಾನು, ತಪ್ಪಿದ್ರ ನೀನೇ ತಿದ್ದಿಕೊಂಡು ಓದು. ನಿನ್ನ ಮಗನ ಸುದ್ದಿ ಹೇಳೋದೈತಿ.

ನೀ ತೀರಿದ ದಿನ ಕುರುಗೋಡಿನಾಗ ನಿನ್ನ ಕುಂದ್ರಿಸಿ ಭಜನಿ ಹಚ್ಚಿದ್ದು ಕಣ್ಣಾಗೇ ಐತಿ. ಬಸವರಾಜ ದೂರದೂರಿನ ಆಸ್ಪತ್ರಿಯಿಂದ ಓಡಿ ಬಂದ, ನಿನ್ನ ಕಾಲಿಗೆ ಹಣಿ ಹಚ್ಚಿದ, ಪಕ್ಕದ ಗ್ವಾಡಿಗೆ ಒರಗಿದವನು ಹಂಗೇ ನಿದ್ದಿ ಹೋಗಿಬಿಟ್ಟ. ಕಿವಿ ಹತ್ರ ತಾಳ ಬಾರಿಸಿದ್ರೂ ಎಚ್ಚರಿಲ್ಲ. "ಡಾಕ್ಟರ್ ಓದೋ ಮಗನ್ನ ನೋಡ್ರಿ, ಒಂದು ಹನಿ ಕಣ್ಣೀರಿಲ್ಲ" ಅಂದ್ಲು ನಿನ್ನ ನಾದಿನಿ. "ನೀ ಅದೀಯಲ್ಲ, ಅವನ ಪಾಲಿಂದೂ ಅತ್ತುಬಿಡು" ಅಂದೆ. ಅವತ್ತಿಂದ ನನ್ನ ಕೂಡ ಮಾತು ಬಿಟ್ಟಾಳ. ಛಲೋನೇ ಆತು.

ಓದು ಮುಗಿಸಿ ಬರ್ತಾನಂತ ಕರ್ಕೊಂಡು ಬರಾಕ ಬಳ್ಳಾರಿ ಬಸ್‌ಸ್ಟ್ಯಾಂಡಿಗೆ ಹೋದೆ. ಬೆಂಚಿನ ಮ್ಯಾಲೆ ಕುಂತಿದ್ದ. ನಮ್ಮ ಸಿರುಗುಪ್ಪದ ಬಸ್ಸು ಕಣ್ಮುಂದೇ ಹೊಂಟು ಹೋದ್ರೂ ಎದ್ದಿರಲಿಲ್ಲ.

"ಯಾಕಲೇ, ಹತ್ತೋದಲ್ಲೇನು?"

"ಎದ್ದು ನಿಲ್ಲಾಕ ಆಗಲಿಲ್ಲ ಮಾವ."

ಜ್ವರ ಇಲ್ಲ, ಕೆಮ್ಮಿಲ್ಲ. "ಈ ರೋಗಕ್ಕ ಏನಂತಾರಲೇ?" ಅಂದ್ರ, "ಗೊತ್ತಿಲ್ಲ ಮಾವ, ಪರೀಕ್ಷೆಗೆ ಬಂದಿರಲಿಲ್ಲ" ಅಂದ. ನಗಬೇಕೋ ಅಳಬೇಕೋ ಹೇಳು.

ಸಿರುಗುಪ್ಪದಾಗ ನನ್ನ ಮನ್ಯಾಗೇ ಮಲಗಿಸಿದೆ. ಮುಂಜಾನಿ ಹಾಲಿನಾಕಿ ಬಂದು ಚಿಲಕ ಬಡಿದ್ರ ಸಾಕು, "ಬಂದೆ ಸಿಸ್ಟರ್" ಅಂತ ಎದ್ದು, ಕಣ್ಣು ಮುಚ್ಚಿಕೊಂಡೇ ಚಪ್ಪಲಿ ಹುಡುಕ್ತಿದ್ದ. ಆಸ್ಪತ್ರ್ಯಾಗ ರಾತ್ರಿ ನರ್ಸು ಬಾಗಿಲ ಬಡಿದು ಕರೆದಾಗೆಲ್ಲ ಹಂಗೇ ಏಳಬೇಕಿತ್ತಂತ. ಎದಿ ಹೊಡಕೊಳ್ಳೋದು ಅಂಗಿ ಮ್ಯಾಲೆ ಕಾಣ್ತಿತ್ತು. ನನಗ ಸಿಟ್ಟು ಬಂತು. ಯಾರ ಮ್ಯಾಲೆ ಅಂತ ಕೇಳಬ್ಯಾಡ. ಕಬ್ಬಿಣದ ಹಾರಿ ತಂದು ಚಿಲಕನೇ ಕಿತ್ತು ಒಗೆದೆ. "ಕಳ್ಳರು ಬಂದ್ರ?" ಅಂದ್ಲು ನಿನ್ನ ಅತ್ತಿಗಿ. "ಬರಲಿ, ಬಾಗಿಲ ಬಡಿಯದ ಬರೋರು ಅವರೊಬ್ಬರೇ" ಅಂದೆ.

ಓಣಿ ಮಂದಿ ಬಿಡ್ತಾರೇನು? ಮೊಣಕಾಲು ನೋವು, ಹೊಟ್ಟಿ ನೋವು ಅಂತ ಬಂದ್ರು. "ಡಾಕ್ಟ್ರು ಅದಾರೇನ್ರಿ?"

"ಇಲ್ಲ. ನನ್ನ ಅಳಿಯ ಅದಾನ. ಅವ ಮಲಗ್ಯಾನ."

ಹಿಂಗ ಎಷ್ಟು ತಿಂಗಳು ಹೋದವೋ. ಒಂದು ದಿನ ನಾ ಕೆಲಸ ಮಾಡೋ ಅಕ್ಕಿ ಗಿರಣಿಗೆ ತಾನೇ ನಡಕೊಂಡು ಬಂದ. ಕುದಿಸಿದ ಭತ್ತ ಹರವಿದ ಅಂಗಳದಾಗ ಹೆಣ್ಮಕ್ಕಳು ಕಾಲಿಲೆ ಭತ್ತ ತಿರುವುತಿದ್ರು. ಇವನೂ ಚಪ್ಪಲಿ ಬಿಟ್ಟು ಇಳಿದ. "ಏನ್ ಅಳಿಯಾ, ಭತ್ತ ತಿರುವ್ತೀಯೋ ಕುಣೀತೀಯೋ?" ಅಂತ ಒಬ್ಬಾಕಿ ಕಾಡಿದ್ಲು. ನಕ್ಕ. ಹಲ್ಲು ಕಾಣೋ ಹಂಗ ನಕ್ಕ ತಂಗಿ. ನೀ ಅದನ್ನ...

ಆಮ್ಯಾಲೆ ದಿನಾ ಬಂದ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕುಂತಾಗ ತಟ್ಟನೆ ಕೇಳಿದ: "ಮಾವ, ಅವ್ವ ಕೊನಿಗೆ ನನ್ನ ಕೇಳಿದ್ಲಾ?"

ಸುಳ್ಳು ಹೇಳಾಕ ನಾಲಿಗಿ ಏಳಲಿಲ್ಲ. "ಕೇಳಿದ್ಲು. ಬಾಗಿಲ ಕಡೇನೇ ನೋಡ್ಕೋತ ಕೇಳಿದ್ಲು."

"ಆಕಿ ಜಡ್ಡು ಬಿದ್ದ ಸುದ್ದಿ ಬಂದಿತ್ತು ಮಾವ. ರಜಾನೂ ಕೇಳಲಿಲ್ಲ. ವಾರ್ಡು ತುಂಬಿತ್ತು. ನಾಳೆ ಹೋದ್ರಾತು ಅಂದುಕೊಂಡೆ. ನಾಳೆ..."

ಕೈಯಾಗಿನ ತುತ್ತು ಹಂಗೇ ಉಳೀತು. ಅಷ್ಟು ಹೆಣ್ಮಕ್ಕಳ ಮುಂದ ಬಿಕ್ಕಿ ಬಿಕ್ಕಿ ಅತ್ತ. ಬೈಯಾಕ ಬಾಯಿ ಐತಿ ನನಗ, ಸಮಾಧಾನ ಮಾಡಾಕ ಯಾರು ಕಲಿಸಿದ್ರು? ನೀರಿನ ಚೊಂಬು ಮುಂದಿಟ್ಟೆ. ನೀನಾಗಿದ್ರ ಏನು ಅಂತಿದ್ದಿ?

ಈಗ ಹೊಸಾ ಸುದ್ದಿ ಕೇಳು. ಹೋದ ಸೋಮವಾರದಿಂದ ದೇಶನೂರಿನ ಒಂದು ಸಣ್ಣ ದವಾಖಾನಿಗೆ ಹೊಂಟಾನ. ಮಧ್ಯಾಹ್ನದ ತನಕ ಅಷ್ಟೇ. ಅದಕ್ಕಿಂತ ಹೆಚ್ಚಿಗಿ ಇನ್ನೂ ಆಗಲ್ಲ ಅವನಿಗೆ, ಆಗಲಿಲ್ಲಂದ್ರ ಬ್ಯಾಡ. ನಿನ್ನೆ ನಿನ್ನ ವಯಸ್ಸಿನಾಕಿನ್ನ ಹೊತ್ಕೊಂಡು ಬಂದಿದ್ರಂತ. ಉಳಿಯೋ ಜೀವ ಅಲ್ಲ. ಮಗ ಬಳ್ಳಾರ್ಯಾಗ ಕೂಲಿಗೆ ಹೋಗ್ಯಾನ, ನಾಳೆ ಹೇಳಿಕಳಿಸ್ತೀವಿ ಅಂದ್ರಂತ ಜೊತೀಗೆ ಬಂದವರು. "ನಾಳೆ ಅಲ್ರಿ, ಈಗ ಹೋಗ್ರಿ" ಅಂತ ಇವ ಕೂಗಿದನಂತ, ಥೇಟ್ ನನ್ನಂಗ. ಮಧ್ಯಾಹ್ನ ಆದ್ರೂ ಮನಿಗೆ ಬರಲಿಲ್ಲ, ಆಕಿ ಪಕ್ಕನೇ ಕುಂತಿದ್ದ. ಸಂಜಿ ಬಸ್ಸಿಗೆ ಆ ಮಗ ಬಂದ. ಆಕಿಗೆ ಇನ್ನೂ ಎಚ್ಚರಿತ್ತಂತ. ಬಸವರಾಜ ಎದ್ದು ಕುರ್ಚಿ ಬಿಟ್ಟುಕೊಟ್ಟ.

ನಿನ್ನ ಅಣ್ಣ